ಮಳೆಗಾಲ ಕಳೆದ ಮೇಲೆ ಕಡಲಿನ ತಳ ಬದಲಾಗಿರುತ್ತದೆ, ಯಾಕೆ? ಭರತ-ಇಳಿತವೋ, ನೀರಿನ ಎಳೆತವೋ?

ಗಂಗೊಳ್ಳಿ ಬೋಟು

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮದು ಸಣ್ಣ ಟ್ರಾಲ್ ಬೋಟು, ತಳದ ಮೇಲೆ ಬಲೆ ಎಳೆಯುವಂಥದ್ದು. ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕ. ಜೂನ್-ಜುಲೈ ಮೀನುಗಾರಿಕೆ ರಜೆ ಮುಗಿಸಿ ಆಗಸ್ಟಿನಲ್ಲಿ ಕಡಲಿಗೆ ಇಳಿದಾಗ ಪ್ರತಿ ವರ್ಷ ಒಂದೇ ತಲೆಬಿಸಿ. ಮೇ ತಿಂಗಳಲ್ಲಿ ಹನ್ನೆರಡು ಮಾರು (ಸುಮಾರು 22 ಮೀಟರ್) ನೀರಿನಲ್ಲಿ ಸಲೀಸಾಗಿ ಬಲೆ ಎಳೆದ ಜಾಗ ಇರುತ್ತದೆ. ಮೆತ್ತಗಿನ ಕೆಸರು. ಜಿಪಿಎಸ್‌ನಲ್ಲಿ ಗೆರೆ ಕೂಡ ಉಳಿಸಿಟ್ಟಿರುತ್ತೇವೆ. ಆಗಸ್ಟಿನಲ್ಲಿ ಅದೇ ಗೆರೆ ಹಿಡಿದು ಎಳೆದರೆ ಬಲೆ ಕಚ್ಚಿಕೊಳ್ಳುತ್ತದೆ. ಈ ಸಲ ಬಲೆಯ ಹೊಟ್ಟೆಭಾಗ ಪೂರ್ತಿ ಹರಿದು ಬಂತು. ಹರಿದ ಕಡೆ ಒಡೆದ ಚಿಪ್ಪು, ಬೆರಳುಗಾತ್ರದ ಕಲ್ಲು ಸಿಕ್ಕಿಕೊಂಡಿದ್ದವು. ಕೆಸರಿನ ಸುಳಿವೇ ಇಲ್ಲ.

ನದಿ ಕಡಲಿಗೆ ಸೇರುವ ಅಳಿವೆ ಬಾಗಿಲಿನದ್ದು ಬೇರೆ ಗೋಳು. ಹೋದ ವರ್ಷ ಬೋಟು ಹಾಯುತ್ತಿದ್ದ ದಾರಿಯಲ್ಲಿ ಈ ವರ್ಷ ಮರಳಿನ ದಿಬ್ಬ. ಹೂಳೆತ್ತುತ್ತಾರೆ, ಮತ್ತೆ ತುಂಬುತ್ತದೆ.

ಅಪ್ಪ ಹೇಳುವುದು "ಎಲ್ಲ ಭರತ-ಇಳಿತದ ಕೆಲಸ" ಅಂತ. ಬೋಟು ನಡೆಸುವ ನಮ್ಮ ತಾಂಡೇಲರು ಹೇಳುವುದು "ಮಳೆಗಾಲದಲ್ಲಿ ತೆಂಕಕ್ಕೆ ಹೋಗುವ ನೀರು ತಳ ಗುಡಿಸಿಕೊಂಡು ಹೋಗ್ತದೆ" ಅಂತ. ಯಾವುದು ಸರಿ?

ಮಲ್ಪೆ ಪಡು

ಇದು ಗಂಗೊಳ್ಳಿಯದ್ದು ಮಾತ್ರ ಅಲ್ಲ ಮಾರಾಯ್ರೆ. ನಮ್ಮಲ್ಲೂ ಇದೇ.

ಒಂದು ಕೇಳುತ್ತೇನೆ. ಆ ಜಾಗದಲ್ಲಿ ಫಿಶ್ ಫೈಂಡರ್ (ಸದ್ದು ಬಿಟ್ಟು ತಳ, ಮೀನು ತೋರಿಸುವ ಯಂತ್ರ) ಏನು ತೋರಿಸಿತ್ತು? ಮೆತ್ತಗಿನ ಕೆಸರಿದ್ದರೆ ತಳದ ಗೆರೆ ಮಂಕಾಗಿ, ದಪ್ಪಗೆ, ಹರಡಿದ ಹಾಗೆ ಕಾಣುತ್ತದೆ. ಗಟ್ಟಿ ತಳ ಇದ್ದರೆ ಗೆರೆ ಕಡುಕೆಂಪಾಗಿ ಚುರುಕಾಗಿರುತ್ತದೆ. ಜೊತೆಗೆ ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ತೆಳು ಗೆರೆ ಬರುತ್ತದೆ. ಸದ್ದು ತಳಕ್ಕೆ ಬಡಿದು, ಮೇಲೆ ಬಂದು, ಮತ್ತೆ ತಳಕ್ಕೆ ಹೋಗಿ ಬಂದ ಗೆರೆ ಅದು. ಈ ಎರಡನೇ ಗೆರೆ ಕಂಡರೆ ನಾವು ಬಲೆ ಬಿಡುವುದಿಲ್ಲ. ಮೀನು ಎಲ್ಲಿದೆ ಅಂತ ಹುಡುಕುವ ಭರದಲ್ಲಿ ಹುಡುಗರು ತಳದ ಗೆರೆಯನ್ನೇ ನೋಡುವುದಿಲ್ಲ.

ಗಂಗೊಳ್ಳಿ ಬೋಟು

ಎರಡನೇ ಗೆರೆ ಇತ್ತು ಅಣ್ಣ. ಮೇ ತಿಂಗಳಲ್ಲಿ ಇರಲಿಲ್ಲ. ಅದಕ್ಕೇ ಕೇಳಿದ್ದು.

ತಳದ ಮಣ್ಣು

ಕಡಲ ತಳದ ಮಣ್ಣು ಓದಿಕೊಂಡವನು ನಾನು. ನಿಮ್ಮ ತಂದೆಯವರ ಮಾತೂ ತಾಂಡೇಲರ ಮಾತೂ ಒಂದೊಂದು ಜಾಗಕ್ಕೆ ಸರಿ. ಆದರೆ ಹನ್ನೆರಡು ಮಾರಿನ ನಿಮ್ಮ ಜಾಗದಲ್ಲಿ ಮುಖ್ಯ ಕೆಲಸ ಮಾಡುವುದು ಮೂರನೆಯದು. ಅದು ಮಳೆಗಾಲದ ಅಲೆ.

ನಮ್ಮ ಕರಾವಳಿಯಲ್ಲಿ ಭರತ-ಇಳಿತದ ಎತ್ತರ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಒಂದೂವರೆ ಮೀಟರ್ ಆಸುಪಾಸು. ಅಷ್ಟಮಿ ಹೊತ್ತಿಗೆ ಅದರ ಅರ್ಧ. ತೆರೆದ ಕಡಲಿನಲ್ಲಿ ಇಷ್ಟು ನೀರು ಏರಿ ಇಳಿದರೆ ತಳದ ಮರಳನ್ನು ಕದಲಿಸುವಷ್ಟು ವೇಗ ಹುಟ್ಟುವುದು ಕಷ್ಟ. ಅದೂ ಅಲ್ಲದೆ ಭರತಕ್ಕೆ ಒಂದು ಕಡೆ ಹೋದದ್ದು ಇಳಿತಕ್ಕೆ ಹೆಚ್ಚುಕಡಿಮೆ ಅಲ್ಲಿಗೇ ವಾಪಸ್ ಬರುತ್ತದೆ.

ಈಗ ಅಲೆಯ ಲೆಕ್ಕ ನೋಡಿ. ಅಲೆ ಮೇಲೆ ಮಾತ್ರ ಇರುವುದಲ್ಲ. ಅದರ ಅಲುಗಾಟ ಕೆಳಗೂ ಇಳಿಯುತ್ತದೆ. ಎಷ್ಟು ಆಳಕ್ಕೆ ಅನ್ನುವುದು ಅಲೆ ಎಷ್ಟು ಉದ್ದ ಅನ್ನುವುದರ ಮೇಲೆ ನಿಂತಿದೆ. ಬೇಸಿಗೆಯ ಮಧ್ಯಾಹ್ನ ಪಡುಗಾಳಿಗೆ ಏಳುವ ಅರ್ಧ ಮೀಟರ್ ಚಿಲ್ಲರೆ ಅಲೆ ಐದು ಸೆಕೆಂಡಿಗೊಂದು ಬರುತ್ತದೆ. 20 ಮೀಟರ್ ನೀರಿನ ತಳದಲ್ಲಿ ಅದರಿಂದ ಆಗುವ ಅಲುಗಾಟ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್. ಕೆಸರಿಗೆ ಅದು ಗೊತ್ತೇ ಆಗುವುದಿಲ್ಲ. ಜೂನ್, ಜುಲೈನಲ್ಲಿ ಹತ್ತು ಸೆಕೆಂಡಿಗೊಂದು ಬರುವ 3 ಮೀಟರ್ ಅಲೆ ತೆಗೆದುಕೊಳ್ಳಿ. ಅದೇ 20 ಮೀಟರ್ ತಳದಲ್ಲಿ ಸೆಕೆಂಡಿಗೆ 75 ಸೆಂಟಿಮೀಟರ್ ವೇಗದಲ್ಲಿ ನೀರು ಹಿಂದೆ ಮುಂದೆ ಓಡುತ್ತದೆ. 50 ಮೀಟರ್ ಆಳದಲ್ಲೂ ಸುಮಾರು 25 ಸೆಂಟಿಮೀಟರ್ ಉಳಿದಿರುತ್ತದೆ. ಇವು ಅಲೆಯ ಸರಳ ಸೂತ್ರದಿಂದ ಬರುವ ಅಂಕಿಗಳು. ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಸಣ್ಣ ಮರಳು ಕದಲಲು ಸೆಕೆಂಡಿಗೆ 20-30 ಸೆಂಟಿಮೀಟರ್ ಸಾಕು.

ಅಂದರೆ ನಿಮ್ಮ ಜಾಗ ಎರಡು ತಿಂಗಳು ಕಡೆಗೋಲಿಗೆ ಸಿಕ್ಕ ಮೊಸರಿನ ಹಾಗೆ ಇರುತ್ತದೆ. ಮೇಲಿನ ಮೆತ್ತಗಿನ ಕೆಸರು ಎದ್ದು ನೀರಿಗೆ ಸೇರುತ್ತದೆ. ಕೆಳಗೆ ಉಳಿಯುವುದು ಚಿಪ್ಪು, ದಪ್ಪ ಮರಳು, ಕಲ್ಲು. ನಿಮ್ಮ ಬಲೆಗೆ ಸಿಕ್ಕಿದ್ದು ಅದೇ. ಬಹುಶಃ ಆ ಕಲ್ಲು ಮೇ ತಿಂಗಳಲ್ಲೂ ಅಲ್ಲೇ ಇತ್ತು, ಮೇಲೆ ಕೆಸರಿನ ಹೊದಿಕೆ ಇತ್ತು ಅಷ್ಟೇ.

ಗಂಗೊಳ್ಳಿ ಬೋಟು

ಎದ್ದ ಕೆಸರು ಮತ್ತೆ ಅಲ್ಲೇ ಯಾಕೆ ಕೂರುವುದಿಲ್ಲ?

ತಳದ ಮಣ್ಣು

ಇಲ್ಲಿಗೆ ನಿಮ್ಮ ತಾಂಡೇಲರ ಮಾತು ಬರುತ್ತದೆ. ಎಬ್ಬಿಸುವುದು ಅಲೆ, ಸಾಗಿಸುವುದು ನೀರಿನ ಹರಿವು.

ನಮ್ಮ ಕರಾವಳಿಯುದ್ದಕ್ಕೂ ಒಂದು ದೊಡ್ಡ ಹರಿವಿದೆ. ಮಳೆಗಾಲದಲ್ಲಿ ತೆಂಕಕ್ಕೆ ಹೋಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಬಡಗಿಗೆ ತಿರುಗುತ್ತದೆ. ವರ್ಷಕ್ಕೆರಡು ಸಲ ದಿಕ್ಕು ಬದಲಿಸುವ ಈ ಹರಿವು ಒಬ್ಬನೇ ತಳ ಕೆತ್ತುವಷ್ಟು ಜೋರಿಲ್ಲ. ಆದರೆ ಎದ್ದದ್ದನ್ನು ಹೊತ್ತುಕೊಂಡು ಹೋಗಲು ಜೋರು ಬೇಕಾಗುವುದಿಲ್ಲ.

20 ಮೀಟರ್ ನೀರಿನಲ್ಲಿ ಮೇಲಿಂದ ಬಿಟ್ಟ ಸಣ್ಣ ಮರಳಿನ ಕಾಳು ತಳ ಮುಟ್ಟಲು ಕಾಲು ಗಂಟೆ ಸಾಕು. ಅದಕ್ಕಿಂತ ಹತ್ತು ಪಟ್ಟು ಸಣ್ಣ ಹೂಳಿನ ಕಣಕ್ಕೆ ಹದಿನೈದು ಗಂಟೆ ಬೇಕು. ಜೇಡಿಯ ಒಂಟಿ ಕಣಕ್ಕೆ ತಿಂಗಳುಗಳೇ ಬೇಕು. ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದರಿಂದ ಬೇಗ ಇಳಿಯುತ್ತವೆ, ಆ ಮಾತು ಬೇರೆ. ಹರಿವು ಸೆಕೆಂಡಿಗೆ 20 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮರಳಿನ ಕಾಳು ಇನ್ನೂರು ಮೀಟರ್ ಆಚೆ ಬಿದ್ದರೆ ಹೂಳು ಹತ್ತು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಒಂದೇ ಬಿರುಗಾಳಿ ಎಬ್ಬಿಸಿದ ಮಣ್ಣು ಹೀಗೆ ಜಾತಿ ಜಾತಿಯಾಗಿ ಬೇರೆ ಬೇರೆ ಕಡೆ ಸೇರುತ್ತದೆ.

ನಮ್ಮ ಕಡಲಿನ ತಳ ಪಟ್ಟೆ ಪಟ್ಟೆಯಾಗಿರುವುದು ಈ ಕಾರಣಕ್ಕೆ. ದಡದಿಂದ ಐದು-ಹತ್ತು ಮೀಟರ್ ಆಳದವರೆಗೆ ಮರಳು. ಅಲ್ಲಿಂದ ಐವತ್ತು-ಅರವತ್ತು ಮೀಟರ್ ಆಳದವರೆಗೆ ಕೆಸರಿನ ಅಗಲ ಪಟ್ಟೆ. ಅದರಾಚೆ ಮತ್ತೆ ಮರಳು, ಚಿಪ್ಪು, ಸುಣ್ಣಕಲ್ಲು. ಆ ಹೊರಗಿನ ಮರಳು ಇಂದಿನ ನದಿಗಳು ತಂದದ್ದಲ್ಲ. ಸುಮಾರು 20,000 ವರ್ಷದ ಹಿಂದೆ ಕಡಲಿನ ಮಟ್ಟ ಈಗಿನದ್ದಕ್ಕಿಂತ ನೂರಿಪ್ಪತ್ತು ಮೀಟರ್‌ನಷ್ಟು ಕೆಳಗಿತ್ತು. ಅಲ್ಲಿಂದ ನೀರು ಏರುತ್ತಾ ಬರುವಾಗ ಒಂದೊಂದು ಕಾಲದಲ್ಲಿ ಒಂದೊಂದು ಕಡೆ ದಡ ಇತ್ತು. ಆ ಹಳೆಯ ದಡಗಳ ಮರಳು ಅದು. ಇವತ್ತಿನ ಕೆಸರು ಅಷ್ಟು ದೂರ ಹೋಗಿ ಅದನ್ನು ಮುಚ್ಚಿಲ್ಲ.

ಮಲ್ಪೆ ಪಡು

ಈ ಮಾತು ಮೀನಿಗೂ ಕೂಡುತ್ತದೆ ನೋಡಿ. ದಡದ ಮರಳಿನಲ್ಲಿ ಕಾಣೆ. ಕೆಸರಿನ ಪಟ್ಟೆಯಲ್ಲಿ ಸಿಗಡಿ, ನಂಗು. ಮದ್ಮಲ್ ಮೀನು ಬೇಕು ಅಂದರೆ ವಾರಗಟ್ಟಲೆ ಹೋಗುವ ದೊಡ್ಡ ಬೋಟಿನವರು ಆಳಕ್ಕೇ ಹೋಗಬೇಕು. ನಮ್ಮ ಹಿರಿಯರು ತಳ ನೋಡಿಯೇ ಬಲೆ ಆರಿಸುತ್ತಿದ್ದರು.

ಹೊನ್ನಾವರ ಬಂದರು

ತಳದ ಮಣ್ಣು ಅವರೇ, ನಿಮ್ಮ ಲೆಕ್ಕ ಚೆನ್ನಾಗಿದೆ. ಆದರೆ ಭರತ-ಇಳಿತಕ್ಕೆ ಶಕ್ತಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹುಣ್ಣಿಮೆಯ ಇಳಿತದಲ್ಲಿ ಶರಾವತಿಯ ಅಳಿವೆಗೆ ಬಂದು ನಿಂತು ನೋಡಿ. ಬೋಟಿನ ಎಂಜಿನ್ ಪೂರ್ತಿ ಕೊಟ್ಟರೂ ಮುಂದೆ ಹೋಗುವುದು ಆಮೆ ನಡಿಗೆ. ಲಂಗರು ಹಾಕಿದ ಹಗ್ಗ ತಂತಿಯ ಹಾಗೆ ಬಿಗಿದು ನಡುಗುತ್ತದೆ. ಇಷ್ಟು ಎಳೆತ ಇರುವ ನೀರು ತಳ ಕೆತ್ತುವುದಿಲ್ಲವಾ?

ತಳದ ಮಣ್ಣು

ಕೆತ್ತುತ್ತದೆ ಸರ್, ಖಂಡಿತ. ಅಳಿವೆಯಲ್ಲಿ ಯಜಮಾನಿಕೆ ಭರತ-ಇಳಿತದ್ದೇ. ತೆರೆದ ಕಡಲಿನಲ್ಲಿ ಇಲ್ಲದ ಬಲ ಅಲ್ಲಿ ಯಾಕೆ ಬರುತ್ತದೆ ಅನ್ನುವುದನ್ನು ನಮ್ಮ ಕರಾವಳಿಯ ಪ್ರತಿ ಪಂಚಾಯಿತಿಯೂ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ.

ಒಳಗೆ ಹತ್ತು ಚದರ ಕಿಲೋಮೀಟರ್ ಹಿನ್ನೀರು ಇದೆ ಅಂತ ಇಟ್ಟುಕೊಳ್ಳಿ. ಒಂದೂವರೆ ಮೀಟರ್ ಭರತ ಬಂದರೆ ಒಳಗೆ ಸೇರುವ ನೀರು ಒಂದೂವರೆ ಕೋಟಿ ಘನ ಮೀಟರ್. ಇಷ್ಟೂ ನೀರು ಸುಮಾರು ಆರು ಗಂಟೆಯಲ್ಲಿ ಆ ಕಿರಿದಾದ ಬಾಗಿಲಿನಿಂದಲೇ ಹೊರಗೆ ಹೋಗಬೇಕು. ಸರಾಸರಿ ಸೆಕೆಂಡಿಗೆ ಏಳುನೂರು ಘನ ಮೀಟರ್‌ನ ಹತ್ತಿರ. ನಡುವಿನ ಹೊತ್ತಿನಲ್ಲಿ ಇನ್ನೂ ಜಾಸ್ತಿ. ನಿಮ್ಮ ಹಗ್ಗ ನಡುಗುವುದು ಆ ನೀರಿಗೆ.

ಬಾಗಿಲನ್ನು ಆಳವಾಗಿ ಇಟ್ಟಿರುವುದು ಇದೇ ನೀರು. ಬಾಗಿಲು ದಾಟಿದ ಕೂಡಲೇ ನೀರು ಹರಡಿಕೊಂಡು ನಿಧಾನ ಆಗುತ್ತದೆ. ಹೊತ್ತು ತಂದ ಮರಳನ್ನು ಅಲ್ಲೇ ಬಿಡುತ್ತದೆ. ಹೊರಗೆ ಅರ್ಧಚಂದ್ರದ ಆಕಾರದಲ್ಲಿ ದಿಬ್ಬ ಬೆಳೆಯುವುದು ಹೀಗೆ. ಮಳೆಗಾಲದ ನೆರೆ ನೀರು ಆ ದಿಬ್ಬವನ್ನು ಹೊರಕ್ಕೆ ತಳ್ಳುತ್ತದೆ, ಕೆಲವು ಸಲ ಸೀಳಿ ಹೊಸ ದಾರಿ ಮಾಡುತ್ತದೆ. ಬೇಸಿಗೆಯಲ್ಲಿ ನದಿಯ ನೀರು ಇಳಿದಾಗ ಸಣ್ಣ ಅಲೆ, ಭರತ ಎರಡೂ ಸೇರಿ ಮರಳನ್ನು ಒಳಕ್ಕೆ ತಳ್ಳುತ್ತವೆ. ಹೋದ ವರ್ಷದ ದಾರಿ ಈ ವರ್ಷ ಇಲ್ಲದಿರುವುದಕ್ಕೆ ಈ ಎಳೆದಾಟ ಕಾರಣ.

ಇನ್ನೊಂದು ಮಾತು. 1931ರಲ್ಲಿ ಓಬ್ರಿಯನ್ ಅನ್ನುವ ಅಮೆರಿಕದ ಎಂಜಿನಿಯರ್ ಅಲ್ಲಿನ ಪಶ್ಚಿಮ ಕರಾವಳಿಯ ಅಳಿವೆಗಳನ್ನು ಅಳೆದು ಒಂದು ನಂಟು ಕಂಡುಕೊಂಡರು. ಒಳಗೆ ಎಷ್ಟು ನೀರು ಹೋಗಿ ಬರುತ್ತದೋ ಬಾಗಿಲು ಅದಕ್ಕೆ ತಕ್ಕಷ್ಟೇ ದೊಡ್ಡದಿರುತ್ತದೆ. ಒಳಗಿನ ಜಾಗ ಕಡಿಮೆ ಆದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾವು ಹಿನ್ನೀರಿಗೆ ಮಣ್ಣು ಹಾಕಿ ಸೈಟು ಮಾಡುತ್ತೇವೆ, ಗಜನಿಗೆ (ಭರತದ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆಗೆ) ನೀರು ಬರದ ಹಾಗೆ ಒಡ್ಡು ಕಟ್ಟುತ್ತೇವೆ, ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಕಡಿದು ದಂಡೆ ತುಂಬಿಸುತ್ತೇವೆ. ಆಮೇಲೆ ಅಳಿವೆ ಬಾಗಿಲಿನಲ್ಲಿ ಹೂಳು ಅಂತ ಡ್ರೆಜರ್ ತರಿಸುತ್ತೇವೆ. ಒಳಗೆ ತುಂಬಿದ ಒಂದೊಂದು ಎಕರೆಯೂ ಬಾಗಿಲಿನ ಆಳದಿಂದ ಕಳೆದುಹೋಗುತ್ತದೆ. ಹೂಳೆತ್ತಿದ ಗುಂಡಿಯನ್ನು ತೊಳೆದು ಇಡಲು ನೀರೇ ಇಲ್ಲದಿದ್ದರೆ ಅದು ತುಂಬದೆ ಏನು ಮಾಡೀತು?

ಹೊನ್ನಾವರ ಬಂದರು

ಈಗ ಒಪ್ಪಿದೆ. ನಮ್ಮಲ್ಲಿ ಇನ್ನೊಂದು ವಿಷಯವೂ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಅದರ ಮೇಲಿನ ಘಟ್ಟದ ಮರಳು, ಜಲ್ಲಿ ಅಲ್ಲೇ ನಿಂತುಬಿಡುತ್ತದೆ. ಅಳಿವೆಯನ್ನು ತೊಳೆಯುತ್ತಿದ್ದ ದೊಡ್ಡ ನೆರೆಯೂ ಮೊದಲಿನ ಹಾಗೆ ಬರುವುದಿಲ್ಲ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಗಜನಿ ಇನ್ನೂ ಉಳಿದಿದೆ. ಇಳಿತದಲ್ಲಿ ಹೆಂಗಸರು ಬುಟ್ಟಿ ಹಿಡಿದು ಬಳಚು (ಚಿಪ್ಪುಮೀನು) ಆರಿಸುವ ಮರಳಿನ ದಿಬ್ಬಗಳೂ ಉಳಿದಿವೆ. ಎರಡು ನದಿಗಳನ್ನು ಪಕ್ಕಪಕ್ಕ ಇಟ್ಟು ಅಳತೆ ಮಾಡಿದರೆ ಎಷ್ಟೋ ವಿಷಯ ತಿಳಿಯುತ್ತದೆ.

ಖಲಾಸಿ

ನಾನು ಗುಜರಾತಿನ ವೆರಾವಲ್, ಜಾಫರಾಬಾದ್ ಕಡೆ ಬೋಟಿನಲ್ಲಿ ದುಡಿದವನು. ಭರತ-ಇಳಿತಕ್ಕೆ ತೆರೆದ ಕಡಲಿನಲ್ಲಿ ಬಲ ಇಲ್ಲ ಅನ್ನುವುದು ನಮ್ಮೂರಿಗೆ ಸರಿ, ಅಲ್ಲಿನ ಖಂಬಾತ್ ಕೊಲ್ಲಿಗೆ ಸರಿಯಲ್ಲ. ಆ ಕೊಲ್ಲಿಯ ಭಾವನಗರದಲ್ಲಿ ನೀರು ಹತ್ತು ಮೀಟರ್‌ಗಿಂತ ಜಾಸ್ತಿ ಏರಿ ಇಳಿಯುತ್ತದೆ. ಮೂರು ಮಹಡಿ ಮನೆ ಮುಳುಗುವಷ್ಟು. ಅಲ್ಲಿ ಕಡಲು ಕೆಂಪು-ಕಂದು. ಯಾವ ಋತುವಿನಲ್ಲಿ ಹೋದರೂ ಕೆಸರುನೀರೇ.

ಅಲ್ಲಿಯವರು ಡೋಲ್ ಬಲೆ ಹಾಕುತ್ತಾರೆ. ಚೀಲದಂಥ ದೊಡ್ಡ ಬಲೆ. ಅದನ್ನು ಎಳೆಯುವುದಿಲ್ಲ. ತಳಕ್ಕೆ ಹುಗಿದ ಕಂಬಕ್ಕೋ ಲಂಗರಿಗೋ ಕಟ್ಟಿ, ನೀರಿನ ಎದುರಿಗೆ ಬಾಯಿ ತೆರೆದು ಬಿಡುತ್ತಾರೆ. ನೀರೇ ಬೊಂಬಿಲ್ ಮೀನನ್ನು ತಂದು ತುಂಬುತ್ತದೆ. ಭರತ ಮುಗಿದು ಇಳಿತ ಶುರುವಾಗುವ ಮುಂಚೆ ನೀರು ಸ್ವಲ್ಪ ಹೊತ್ತು ನಿಂತ ಹಾಗಿರುತ್ತದೆ. ಆಗ ಬಲೆ ಎತ್ತಬೇಕು. ಹೊತ್ತು ಮೀರಿದರೆ ಬಲೆ ತಿರುಗಿ ಸುತ್ತಿಕೊಳ್ಳುತ್ತದೆ. ಅಷ್ಟಮಿ-ನವಮಿಗೆ ನೀರಿನ ಎಳೆತ ಕಡಿಮೆ, ಮೀನೂ ಕಡಿಮೆ.

ಕೊಲ್ಲಿಯ ಬಾಯಲ್ಲಿ ಮರಳಿನ ಉದ್ದುದ್ದ ದಿಬ್ಬಗಳಿವೆ. ನಕ್ಷೆಯಲ್ಲಿ ಮಲಕ್ಕಾ ಬ್ಯಾಂಕ್ಸ್ ಅಂತ ಇದೆ. ನೀರು ಹೋಗಿ ಬರುವ ದಿಕ್ಕಿಗೇ ಉದ್ದಕ್ಕೆ ಮಲಗಿವೆ. ಅಲ್ಲಿ ಹೊಸಬರಿಗೆ ಬೋಟು ಕೊಡುವುದಿಲ್ಲ.

ತಳದ ಮಣ್ಣು

ಖಲಾಸಿ ಅಣ್ಣ, ಇದು ಬಹಳ ಒಳ್ಳೆಯ ಹೋಲಿಕೆ. ಮಂಗಳೂರು, ಕಾರವಾರದ ಎದುರು ಆಳವಿಲ್ಲದ ಕಡಲಿನ ಪಟ್ಟಿ ನೂರು ಕಿಲೋಮೀಟರ್ ಆಸುಪಾಸು ಅಗಲ. ಖಂಬಾತ್ ಎದುರು ಅದು ಮುನ್ನೂರು ದಾಟುತ್ತದೆ. ಮೇಲೆ ಕೊಲ್ಲಿ ಆಲಿಕೆಯ ಆಕಾರದಲ್ಲಿ ಕಿರಿದಾಗುತ್ತದೆ. ಒಳಗೆ ಬಂದ ನೀರಿಗೆ ಏರುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಹಾಗಾಗಿ ಅಲ್ಲಿ ವರ್ಷವಿಡೀ ತಳ ಕಟ್ಟುವುದು ಭರತ-ಇಳಿತ. ನಮ್ಮಲ್ಲಿ ಅದೇ ಕೆಲಸ ಎರಡು-ಮೂರು ತಿಂಗಳ ಅಲೆಯದ್ದು.

ನಾಡದೋಣಿ

ನಾವು ಮಳೆಗಾಲದ ಮೀನುಗಾರರು. ದೊಡ್ಡ ಬೋಟು ರಜೆಗೆ ದಡ ಸೇರಿದ ಮೇಲೆ ನಮ್ಮ ಕಸುಬು ಶುರು. ತೂಫಾನು ಆಗದೆ ಮೀನಿಲ್ಲ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಡಲು ಒಂದು ಸಲ ಜೋರಾಗಿ ಎದ್ದು ಅಡಿಯ ಕೆಸರು ಮೇಲೆ ಬರಬೇಕು. ನೀರು ಕದಡಬೇಕು. ಆಮೇಲೆ ಕಡಲು ಸ್ವಲ್ಪ ತಣ್ಣಗಾದರೆ ಸಿಗಡಿ ದಡಕ್ಕೆ ಬರುತ್ತದೆ. ತೂಫಾನು ಸರಿಯಾಗಿ ಆಗದ ವರ್ಷ ದೋಣಿ ದಡದಲ್ಲೇ ಕೂರುತ್ತದೆ, ಸಾಲದ ಬಡ್ಡಿ ಮಾತ್ರ ಓಡುತ್ತದೆ. ಇಲ್ಲಿ ಹೇಳಿದ ಅಲೆಯ ಲೆಕ್ಕ ನೋಡಿ ಖುಷಿ ಆಯಿತು. ಕೆಸರು ಏಳುವುದಕ್ಕೂ ಸಿಗಡಿ ಬರುವುದಕ್ಕೂ ಏನು ಸಂಬಂಧ ಅಂತ ಹೇಳ್ತೀರಾ?

ತಳದ ಮಣ್ಣು

ನನಗೆ ತಿಳಿದ ಮಟ್ಟಿಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಕೆಸರಿನೊಳಗೆ ಹುಗಿದುಕೊಂಡಿದ್ದ ಸಿಗಡಿಗೆ ತಳವೇ ಅಲುಗಾಡಿದಾಗ ಅಲ್ಲಿ ನಿಲ್ಲಲು ಆಗುವುದಿಲ್ಲ. ಕದಡಿದ ನೀರಿನಲ್ಲಿ ಅದಕ್ಕೆ ತಿನ್ನಲು ಸಿಗುತ್ತದೆ, ದೊಡ್ಡ ಮೀನಿನ ಕಣ್ಣಿಗೂ ಬೀಳುವುದಿಲ್ಲ. ಇದು ಒಂದು.

ಇನ್ನೊಂದು, ಮಳೆಗಾಲದಲ್ಲಿ ನಮ್ಮ ಕಡಲಿನ ಆಳದ ತಣ್ಣನೆಯ ನೀರು ತಳ ಹಿಡಿದು ದಡದ ಕಡೆ ಏರಿ ಬರುತ್ತದೆ. ಮೇಲಿನ ನೀರು ತೆಂಕಕ್ಕೂ ಹೊರಕ್ಕೂ ಸರಿದ ಜಾಗ ತುಂಬಲು ಅದು ಬರುವುದು. ಆ ನೀರಿನಲ್ಲಿ ಗೊಬ್ಬರದಂಥ ಸತ್ವ ಜಾಸ್ತಿ, ಆಮ್ಲಜನಕ ಬಹಳ ಕಡಿಮೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಕಾಂಡೋಲಿಂ ಎದುರಿನ ಕಡಲಿನಲ್ಲಿ 1997ರಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವ ಮಟ್ಟಕ್ಕೆ ಇಳಿಯುತ್ತದೆ. ತಳದ ಜೀವಿಗಳು ಉಸಿರಿಗಾಗಿ ಆಳ ಕಡಿಮೆ ಇರುವ ಕಡೆ ಸರಿಯಬೇಕಾಗುತ್ತದೆ. ದಡದ ಹತ್ತಿರ ಅಲೆ ಒಡೆಯುವುದರಿಂದ ನೀರಿಗೆ ಗಾಳಿ ಸೇರಿರುತ್ತದೆ.

ನಿಮ್ಮ ಹಿರಿಯರು ತೂಫಾನಿಗೆ ಕಾಯುತ್ತಿದ್ದದ್ದು ಸರಿಯಾದ ಲೆಕ್ಕಾಚಾರ ಅಂತಲೇ ನನ್ನ ಅಭಿಪ್ರಾಯ. ವರ್ಷ ವರ್ಷ ತೂಫಾನು ಯಾವಾಗ ಆಯಿತು, ಸಿಗಡಿ ಯಾವಾಗ ಬಂತು ಅಂತ ನಿಮ್ಮಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಅದು ಚಿನ್ನದಂಥ ದಾಖಲೆ. ದಯವಿಟ್ಟು ಹಾಳು ಮಾಡಬೇಡಿ.

ಉಳ್ಳಾಲ ದಡ

ನಾನು ಮೀನಿನವಳಲ್ಲ, ದಡದಲ್ಲಿ ಮನೆ ಇರುವವಳು. ಮರಳು ಎಲ್ಲಿಗೆ ಹೋಗುತ್ತದೆ ಅನ್ನುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಜೂನಿನಲ್ಲಿ ನಮ್ಮ ದಡ ಕೊಚ್ಚಿಹೋಗುತ್ತದೆ, ದೀಪಾವಳಿ ನಂತರ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಚಿಕ್ಕಂದಿನಿಂದ ನೋಡಿದ್ದೇವೆ. ಆದರೆ ಅಳಿವೆಗೆ ಕಲ್ಲಿನ ತಡೆಗೋಡೆ ಬಂದ ಮೇಲೆ ಹೋದಷ್ಟು ವಾಪಸ್ ಬರುವುದಿಲ್ಲ. ತೆಂಗಿನ ಸಾಲು ಹೋಯಿತು, ಅದರ ಹಿಂದಿನ ಮನೆಗಳೂ ಹೋದವು. ಬೋಟಿನವರಿಗೆ ದಾರಿ ಬೇಕು, ಸರಿ. ನಮ್ಮ ಮನೆಯ ಲೆಕ್ಕವನ್ನೂ ಅದರಲ್ಲಿ ಹಿಡಿಯಬೇಕಲ್ವಾ?

ತಳದ ಮಣ್ಣು

ಹಿಡಿಯಲೇಬೇಕು ಅಕ್ಕ. ಮಳೆಗಾಲದಲ್ಲಿ ದಡದಿಂದ ಹೋದ ಮರಳು ಕಳೆದುಹೋಗುವುದಿಲ್ಲ. ಅಲೆ ಒಡೆಯುವ ಜಾಗದಲ್ಲಿ ನೀರಿನಡಿ ದಿಬ್ಬವಾಗಿ ಕೂತಿರುತ್ತದೆ. ಅಕ್ಟೋಬರಿನಿಂದ ಮೇವರೆಗೆ ಸಣ್ಣ ಅಲೆಗಳು ಅದನ್ನು ವಾಪಸ್ ತರುತ್ತವೆ. ಜೊತೆಗೆ ದಡದುದ್ದಕ್ಕೂ ಮರಳು ಸಾಗುತ್ತಿರುತ್ತದೆ, ಋತುವಿಗೆ ತಕ್ಕಂತೆ ಒಮ್ಮೆ ಬಡಗಿಗೆ, ಒಮ್ಮೆ ತೆಂಕಿಗೆ. ಗೋಡೆ ಈ ಓಡಾಟವನ್ನು ನಿಲ್ಲಿಸುತ್ತದೆ. ಒಂದು ಬದಿಗೆ ಮರಳು ಕೂರುತ್ತದೆ, ಇನ್ನೊಂದು ಬದಿಗೆ ಕೊರೆತ. ಅಳಿವೆಯಿಂದ ಎತ್ತಿದ ಒಳ್ಳೆಯ ಮರಳನ್ನು ಕೊರೆತದ ಬದಿಯ ದಡಕ್ಕೇ ಹಾಕಬೇಕು. ಆಳ ಕಡಲಿಗೆ ಒಯ್ದು ಸುರಿದರೆ ಆ ಮರಳು ನಮ್ಮ ದಡದ ಲೆಕ್ಕದಿಂದಲೇ ಹೊರಗೆ ಹೋದ ಹಾಗೆ.

ಗಂಗೊಳ್ಳಿ ಬೋಟು

ಕೇಳಿದ್ದು ಒಂದು, ಸಿಕ್ಕಿದ್ದು ಇಷ್ಟು. ಎಲ್ಲರಿಗೂ ಧನ್ಯವಾದ. ಇನ್ನು ಎರಡು ಪ್ರಶ್ನೆ. ಆಗಸ್ಟಿನಲ್ಲಿ ಬಲೆ ಬಿಡುವ ಮುಂಚೆ ತಳ ತಿಳಿಯುವುದು ಹೇಗೆ? ಅಳಿವೆ ಹಾಯಲು ಯಾವ ಹೊತ್ತು ಒಳ್ಳೆಯದು?

ಮಲ್ಪೆ ಪಡು

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಸೀಸದ ಗುಂಡು ತೆಗೆದುಕೊಳ್ಳಿ. ಅಡಿಯಲ್ಲಿ ಸಣ್ಣ ಗುಳಿ ಇರಲಿ. ಅದಕ್ಕೆ ಬಟ್ಟೆ ಸೋಪು ಒತ್ತಿ ತುಂಬಿ. ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ ಇಳಿಬಿಡಿ. ತಳ ಮುಟ್ಟಿಸಿ ಎತ್ತಿದರೆ ಸೋಪಿಗೆ ಅಂಟಿಕೊಂಡು ಬರುತ್ತದೆ. ಮರಳು, ಚಿಪ್ಪು, ಕೆಸರು ಯಾವುದು ಅಂತ ಕೈಯಲ್ಲೇ ನೋಡಬಹುದು. ಏನೂ ಅಂಟದೆ ಸೋಪಿನ ಮೇಲೆ ಬರೀ ಗೀರು ಬಿದ್ದಿದ್ದರೆ ಕೆಳಗೆ ಪಾದೆಕಲ್ಲು, ಅಂದರೆ ಬಂಡೆ. ಹಡಗಿನ ನಕ್ಷೆ ಸಿಕ್ಕಿದರೆ ಅದರಲ್ಲೂ ಬರೆದಿರುತ್ತಾರೆ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಆರ್ ಅಂದರೆ ಕಲ್ಲು. ಆದರೆ ದಡದ ಹತ್ತಿರ ಆ ನಕ್ಷೆಯನ್ನೇ ನಂಬಿ ಕೂರಬೇಡಿ.

ಹೊನ್ನಾವರ ಬಂದರು

ಎರಡನೆಯದಕ್ಕೆ ನಾನು. ಜೋರು ಇಳಿತದಲ್ಲಿ ಅಳಿವೆ ಹಾಯಬೇಡಿ. ಹೊರಗೆ ಬರುವ ನೀರೂ ಒಳಗೆ ಬರುವ ಅಲೆಯೂ ದಿಬ್ಬದ ಮೇಲೆ ಎದುರುಬದುರಾಗುತ್ತವೆ. ಅಲೆ ಗಿಡ್ಡವಾಗಿ, ಕಡಿದಾಗಿ, ಎತ್ತರಕ್ಕೆ ಎದ್ದು ಅಲ್ಲೇ ಒಡೆಯುತ್ತದೆ. ಆಳವೂ ಆಗ ಕಡಿಮೆ. ಭರತ ಅರ್ಧಕ್ಕಿಂತ ಮೇಲೇರಿದಾಗ, ಅಥವಾ ಪೂರ್ತಿ ಏರಿ ನೀರು ನಿಂತಾಗ ಹಾಯಿರಿ. ಹೊತ್ತು ತಿಳಿಯಲು ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್‌ನವರ ಭರತ-ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ದಿನದ ಎರಡು ಭರತ ಒಂದೇ ಎತ್ತರ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಪಟ್ಟಿಯಲ್ಲಿ ಇರುವುದು ಬಂದರಿನ ಹೊತ್ತು. ಹಿನ್ನೀರಿನ ಒಳಗೆ ಇದ್ದರೆ ನೀರು ತಿರುಗುವುದು ತಡವಾಗುತ್ತದೆ. ಮಳೆಗಾಲದಲ್ಲಿ ನದಿ ತುಂಬಿದ್ದಾಗ ಪಟ್ಟಿಯಲ್ಲಿ ಭರತ ಅಂತ ಇದ್ದರೂ ಬಾಗಿಲಿನಲ್ಲಿ ನೀರು ಹೊರಗೇ ಹರಿಯುತ್ತಿರಬಹುದು. ಆಗ ಕಣ್ಣಲ್ಲಿ ನೋಡಿಯೇ ಹೊರಡಿ.

ಗಂಗೊಳ್ಳಿ ಬೋಟು

ಗುಂಡು ಮಾಡಿಸುತ್ತೇನೆ. ಸೋಪಿಗೆ ಅಂಟಿದ್ದರ ಫೋಟೋ, ಜಾಗ, ಮಾರು, ತಾರೀಕು ಬರೆದು ಇಲ್ಲೇ ಹಾಕುತ್ತೇನೆ. ಮಲ್ಪೆ ಅಣ್ಣ, ನಾಡದೋಣಿಯವರೇ, ನೀವೂ ನಿಮ್ಮ ಕಡೆಯದ್ದು ಹಾಕಿ. ಅಕ್ಟೋಬರಿನಲ್ಲಿ ಒಂದು ಸಲ, ಮೇ ಕೊನೆಗೆ ಇನ್ನೊಂದು ಸಲ ಅದೇ ಜಾಗಗಳಲ್ಲಿ ಗುಂಡು ಬಿಟ್ಟರೆ ಕೆಸರು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಾಣುತ್ತದೆ ಅಲ್ವಾ?

ತಳದ ಮಣ್ಣು

ಕಾಣುತ್ತದೆ. ಒಂದು ಸೇರಿಸಿ: ಆಳ ಬರೆಯುವಾಗ ಹೊತ್ತನ್ನೂ ಬರೆಯಿರಿ. ಭರತದಲ್ಲಿ ಅಳೆದ ಹನ್ನೆರಡು ಮಾರು ಇಳಿತದಲ್ಲಿ ಅಳೆದ ಹನ್ನೆರಡು ಮಾರಿಗೆ ಸಮ ಅಲ್ಲ. ಪಟ್ಟಿ ನೋಡಿ ಆ ಹೊತ್ತಿನ ಏರಿಕೆಯನ್ನು ಕಳೆದು, ಎಲ್ಲರ ಅಂಕಿಗಳನ್ನೂ ಒಂದೇ ಮಟ್ಟಕ್ಕೆ ತಂದು ನಕ್ಷೆ ಮಾಡುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.